ಮಳೆಗಾಲದಲ್ಲೇ ಕಟ್ಟಿದ ಬಂಡೆ ಗೋಡೆ: ನನ್ನ ಅನುಭವ

ಮನೆಯಲ್ಲಿ ಸಾಕಿದ ಬಿಯರ್ಡೆಡ್ ಡ್ರ್ಯಾಗನ್ (ಒಂದು ಜಾತಿಯ ಹಲ್ಲಿ) ಇರುವ ಪೆಟ್ಟಿಗೆಯೊಳಗೆ, ಹತ್ತಿ ಆಡಲು ಬಂಡೆಯಂತೆ ಕಾಣುವ ಗೋಡೆ ಮಾಡಲು ಹೊರಟಿದ್ದೆ. ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಅದಕ್ಕೆ ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ ಪುಡಿ, ನೀರಲ್ಲಿ ಕಲಸಿದ್ದು) ಹಚ್ಚಿದರೆ ಗೌರಿ ಹಬ್ಬಕ್ಕೂ ಒಣಗಲ್ಲ, ಬೂಸ್ಟು ಹಿಡಿಯುತ್ತದೆ, ಸುಮ್ನೆ ದುಡ್ಡು ದಂಡ ಅಂತ ಬೆಂಗಳೂರಿನ ಗೆಳೆಯರೆಲ್ಲ ಹೇಳಿದ್ದರು. ನಮ್ಮ ಬಿಯರ್ಡೆಡ್ ಡ್ರ್ಯಾಗನ್ ಈಗ ಅದೇ ಗೋಡೆ ಹತ್ತಿ ಎರಡನೇ ಮಳೆಗಾಲ ಕಳೆಯುತ್ತಿದೆ. ಬೂಸ್ಟಿಲ್ಲ, ಬಿರುಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪೆಟ್ಟಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ್ದು. ಪ್ಲೈವುಡ್, ಮುಂದೆ ಗಾಜು. ಆಸ್ಟ್ರೇಲಿಯಾದ ಒಣ ಸೀಮೆಯ ಪ್ರಾಣಿಗೆ ಒಳಗೆ ಗಾಳಿಯ ತೇವ ಶೇಕಡ 30–40 ಇರಬೇಕು. ಹೊರಗೆ ನಮ್ಮಲ್ಲಿ 90 ದಾಟಿರುತ್ತದೆ. ಹಾಗಾಗಿ ಗೋಡೆಯೇ ನೀರು ಕುಡಿದು ಕೂತರೆ ಕತೆ ಮುಗಿಯಿತು.

ಮೊದಲು ನೆಚ್ಚಿಕೊಂಡಿದ್ದು ಜಂಬಿಟ್ಟಿಗೆ ಕಲ್ಲನ್ನು. ಹಿತ್ತಲಲ್ಲೇ ಬಿದ್ದಿತ್ತು, ಬಿಟ್ಟಿ. ಸೀಳಿ ಜೋಡಿಸಿದರೆ ನೋಡಲು ಚೆಂದ, ಆದರೆ ಭಾರಕ್ಕೆ ಪ್ಲೈವುಡ್ ತಳ ಜೋತಿತು. ಮೈಯೆಲ್ಲ ತೂತಿರುವ ಕಲ್ಲು, ತೇವ ಹೀರಿ ಬಿಡುವುದೇ ಇಲ್ಲ. ಆಮೇಲೆ ಕೋಳಿ ಜಾಲರಿ ಮೇಲೆ ಸಿಮೆಂಟು, ಮರಳು. ಅದೂ ಭಾರ, ಜೊತೆಗೆ ಬಿಳಿ ಉಪ್ಪು ಬಿಟ್ಟಿತು. ಕೊನೆಗೆ ಥರ್ಮಾಕೋಲ್‌ಗೆ ಬಂದೆ. ಅಂಗಡಿಯವರೊಬ್ಬರು "ಏನೂ ಆಗಲ್ಲ ಸಾರ್" ಅಂತ ಕೊಟ್ಟ ಸ್ಪ್ರೇ ಪೇಂಟು ಅದನ್ನು ಕಣ್ಣೆದುರೇ ಕರಗಿಸಿತು. ಇನ್ನೂರೈವತ್ತು ರೂಪಾಯಿ ಅಲ್ಲಿಗೆ ಹೋಯಿತು. ಥಿನ್ನರ್ ಇರುವ ಯಾವುದನ್ನೂ ಹತ್ತಿರ ತರಬೇಡಿ.

ಥರ್ಮಾಕೋಲನ್ನು ಬಂಡೆಯಂತೆ ಕೆತ್ತಲು ಹ್ಯಾಕ್ಸಾ ಬ್ಲೇಡು, ತಂತಿ ಬ್ರಷ್, ಅಂಗಳದಲ್ಲಿ ಕೂತು ಸೋಲ್ಡರಿಂಗ್ ಐರನ್. ಫ್ರಿಜ್ ಪ್ಯಾಕಿಂಗಿನ ಥರ್ಮಾಕೋಲ್ ಪುಕ್ಕಟೆ ಸಿಕ್ಕಿತು. ಸಾಲದ್ದನ್ನು ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದೆ. ತುಂಡುಗಳ ಸಂದಿಗೆ ಪಿಯು ಫೋಮ್ (ಡಬ್ಬಿಯಿಂದ ಉಬ್ಬಿ ಬಂದು ಗಟ್ಟಿಯಾಗುವ ನೊರೆ). ಅದು ಗಾಳಿಯ ತೇವದಿಂದಲೇ ಗಟ್ಟಿಯಾಗುವ ಸಾಮಾನು, ನಮ್ಮ ಮಳೆಗೆ ಹೇಳಿ ಮಾಡಿಸಿದ್ದು!

ಈಗ ಗ್ರೌಟ್ ವಿಷಯ. ಗ್ರೌಟ್ ಅಂದರೆ ಸಿಮೆಂಟೇ ಅಲ್ವಾ? ಗಟ್ಟಿಯಾಗಲು ಅದಕ್ಕೆ ನೀರೇ ಬೇಕು. ಬಿಸಿಲೂರಲ್ಲಿ ಬೇಗ ಆರಿ ಬಿರುಕು ಬಿಡುತ್ತದೆ. ನಮ್ಮಲ್ಲಿ ನಿಧಾನಕ್ಕೆ ಬಿಗಿಯುತ್ತದೆ, ಅದೇ ಲಾಭ. ಮಳೆ ಕಾಟ ಕೊಡುವುದು ಸೀಲರ್ (ನೀರಿಳಿಯದಂತೆ ಮೇಲೆ ಬಳಿಯುವ ಲೇಪ) ಹಚ್ಚುವಾಗ. ಒಳಗೆ ತೇವ ಇದ್ದಂತೆಯೇ ಸೀಲರ್ ಬಳಿದರೆ ನೀರು ಸಿಕ್ಕಿಹಾಕಿಕೊಂಡು ಬೂಸ್ಟು, ಉಪ್ಪು ಎರಡೂ ಬರುತ್ತವೆ. ಬೆಂಗಳೂರಿನವರು ಗ್ರೌಟ್ ಬಿಗಿಯುವುದು, ಒಣಗುವುದು ಎರಡನ್ನೂ ಒಂದೇ ಮಾಡಿಕೊಂಡು ಹೆದರಿಸಿದ್ದರು.

ಮೊದಲ ಕೋಟು ನೀರು ದೋಸೆ ಹಿಟ್ಟಿನಷ್ಟು ತೆಳು. ಆಮೇಲಿನವು ಸ್ವಲ್ಪ ಗಟ್ಟಿ. ಒಟ್ಟು ನಾಲ್ಕೋ ಐದೋ ಕೋಟು. ಒಂದೇ ಸಲ ದಪ್ಪ ಮೆತ್ತಿದ್ದ ಒಂದು ತುಂಡು ಹಪ್ಪಳೆ ಎದ್ದು ಬಂತು. ಬಿಗಿದ ಮೇಲೆ ಪೂರಾ ಗೋಡೆಯನ್ನು ಅಡಿಕೆ ಡ್ರೈಯರ್‌ಗೆ ಹಾಕಿದೆ. ಮಳೆಗಾಲದಲ್ಲಿ ಅದು ಹೇಗೂ ಖಾಲಿ. ಬಿಸಿ 45 ಡಿಗ್ರಿ ಆಸುಪಾಸು, ಜಾಸ್ತಿ ಬೇಡ, ಥರ್ಮಾಕೋಲ್ ಸೊಟ್ಟಗಾಗುತ್ತದೆ. ಒಣಗಿತೋ ಇಲ್ಲವೋ ಅಂತ ಮುಟ್ಟಿ ನೋಡಿದರೆ ತಿಳಿಯಲ್ಲ. ಅಡಿಕೆ ತೂಗುವ ಯಂತ್ರದ ಮೇಲೆ ದಿನಾ ಇಟ್ಟೆ. ತೂಕ ಇಳಿಯುವುದು ನಿಂತ ದಿನ ಥಿನ್ನರ್ ಇಲ್ಲದ, ನೀರಿನಲ್ಲಿ ತಯಾರಾದ ಸೀಲರ್ ಬಳಿದೆ. ಈ ಉಪಾಯ ಯಾರೂ ಹೇಳಿಕೊಟ್ಟಿದ್ದಲ್ಲ.

ನಡುವೆ ಹುಚ್ಚಾಟಗಳೂ ಇದ್ದವು. ಗ್ರೌಟ್‌ಗೆ ತೆಂಗಿನ ನಾರು ಸೇರಿಸಿದೆ. ಬಿಗಿ ಬಂತು, ಆದರೆ ಹೊರಗೆ ಚಾಚಿದ ಎಳೆಗಳಿಗೇ ಮೊದಲು ಬೂಸ್ಟು. ಜರಡಿ ಹಿಡಿದ ಕೆಂಪು ಮಣ್ಣಿನ ಬಣ್ಣ ಅದ್ಭುತವಾಗಿತ್ತು, ಉಗುರು ತಾಗಿದಲ್ಲೆಲ್ಲ ಉದುರಿತು. ಈಗಿರುವ ತುಕ್ಕು ಕೆಂಪಿಗೆ ಏನು ಬೆರೆಸಿದೆ ಅಂತ ತುಂಬ ಜನ ಕೇಳಿದ್ದಾರೆ. ಅಡುಗೆಮನೆಯಲ್ಲಿ ಸಿಗುತ್ತದೆ, ಅಷ್ಟೇ ಹೇಳುತ್ತೇನೆ.

ಪ್ರಾಣಿ ಮೈ ಕಾಯಿಸಿಕೊಳ್ಳಲು ಹಾಕಿದ ಬಲ್ಬಿನ ಕೆಳಗಿನ ಮೆಟ್ಟಿಲು ಮಾತ್ರ ಥರ್ಮಾಕೋಲ್ ಅಲ್ಲ. ಅಲ್ಲಿ 40 ಡಿಗ್ರಿ ಬೇಕು, ಕಡಪ ಕಲ್ಲಿನ ತುಂಡು ಕೂರಿಸಿದ್ದೇನೆ. ಗೋಡೆಯ ಹಿಂದೆ ಒಂದಿಷ್ಟೂ ಸಂದಿ ಉಳಿಸಬೇಡಿ. ಉಳಿದರೆ ತಿನ್ನಲು ಬಿಟ್ಟ ಮಿಡತೆ ಅಲ್ಲೇ ಸೇರಿ ರಾತ್ರಿಯೆಲ್ಲ ಕಿರುಗುಟ್ಟುತ್ತದೆ, ಇರುವೆ ಥರ್ಮಾಕೋಲ್ ಕೊರೆಯುತ್ತದೆ. ಸುತ್ತ ಸಿಲಿಕೋನ್ ಎಳೆದು, ಹುಳಿ ವಾಸನೆ ಪೂರ್ತಿ ಹೋದ ಮೇಲೇ ಪ್ರಾಣಿ ಬಿಡಿ.

ಗೋಡೆ ನೋಡಿದ ಪಕ್ಕದೂರಿನ ಹುಡುಗ ಉಡ ಸಾಕಲು ಇಂಥದ್ದೇ ಮಾಡಿಕೊಡಿ ಅಂದ. ಬೈದು ಕಳಿಸಿದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು.

ಖರ್ಚು ಹಾಳಾದದ್ದು ಬಿಟ್ಟು ಹದಿನೈದು ನೂರರ ಸುತ್ತ, ಸೇರಿಸಿದರೆ ನಾಲ್ಕು ಸಾವಿರ ಮುಟ್ಟಿರಬಹುದು. ರೆಡಿಮೇಡ್ ಗೋಡೆಗೆ ಏಳು ಸಾವಿರ ಕೇಳಿದ್ದರು, ಸಾಗಣೆ ಬೇರೆ. ಡ್ರೈಯರ್‌ಗೆ ಸುಟ್ಟ ಸೌದೆಯ ಲೆಕ್ಕ ಮನೆಯಲ್ಲಿ ಇನ್ನೂ ಯಾರೂ ಕೇಳಿಲ್ಲ.