ಯಾರಾದರೂ ಕೇಳಿದರೆ: ನಂಬಿಕೆಯ ಮಾತಿಗೆ ನನ್ನ ತಯಾರಿ

ನಮ್ಮ ಮಂಗಳೂರು ಕಡೆ ಕಥೋಲಿಕರ ಇಗರ್ಜಿಯಲ್ಲಿ ಕೊಂಕಣಿ, ಪ್ರೊಟೆಸ್ಟಂಟರ ಸಿಎಸ್‌ಐ ಸಭೆಯಲ್ಲಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ತುಳು. ಯೇಸುವಿನ ಬಗ್ಗೆ ಯಾರಾದರೂ ನಿಜವಾಗಿ ಕೇಳುವುದು ಈ ಮೂರನೆಯ ಕಡೆ. ಜಪವೆಲ್ಲ ಬಾಯಿಪಾಠ ಇರುವವರೂ ಅಲ್ಲಿ ತಡವರಿಸುತ್ತಾರೆ, ಏಕೆಂದರೆ ಆ ಭಾಷೆಯಲ್ಲಿ ಅಭ್ಯಾಸವೇ ಆಗಿರುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು 1847ಕ್ಕೆಲ್ಲ ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಅಚ್ಚು ಹಾಕಿದ್ದರು. ತುಳುವಿನಲ್ಲಿ ಒಂದೇ ಒಂದು ಕತೆ ನೆಟ್ಟಗೆ ಹೇಳಲು ಬಂದರೆ ಅರ್ಧ ತಯಾರಿ ಮುಗಿದಂತೆ ಎಂಬುದು ನನ್ನ ಲೆಕ್ಕ.

ನಾನು ಹಿಡಿದಿರುವುದು ಬೈಬಲಿನ ಲೂಕ 15:11ರಿಂದ 32, ತಪ್ಪಿಹೋದ ಮಗನ ಕತೆ: ಕಿರಿಯ ಮಗ ಆಸ್ತಿಯ ಪಾಲು ಕೇಳಿ ಪಡೆದು ದೂರ ಹೋಗಿ ಹಾಳುಮಾಡುತ್ತಾನೆ, ಹಂದಿ ಮೇಯಿಸುವ ಗತಿಗೆ ಬಂದು ಮನೆಗೆ ಮರಳುತ್ತಾನೆ, ಅಪ್ಪ ಕೊಬ್ಬಿದ ಕರು ಕಡಿಸಿ ಹಬ್ಬ ಮಾಡುತ್ತಾನೆ. ಗಟ್ಟಿಯಾಗಿ ಓದುವುದು, ಪುಸ್ತಕ ಮುಚ್ಚುವುದು, ಫೋನಿನಲ್ಲಿ ರೆಕಾರ್ಡ್ ಮಾಡುತ್ತ ಹೇಳುವುದು. ಐದು ನಿಮಿಷ ಮೀರಿತೋ, ನಡುವೆ ಉಪದೇಶ ನುಸುಳಿದೆ ಎಂದರ್ಥ. ಅದನ್ನು ಕಿತ್ತು ಮತ್ತೆ ಹೇಳಬೇಕು.

ಈ ಕತೆಯಲ್ಲಿ ನಮ್ಮೂರಿನ ಕಿವಿ ಎಡವುವ ಜಾಗಗಳಿವೆ. ಪಾಲು ಕೇಳುವುದು ಎಲ್ಲರಿಗೂ ಗೊತ್ತು. ಆದರೆ ಅಳಿಯಕಟ್ಟಿನ ಮನೆಯ ಹಿರಿಯರಿಗೆ ಆಸ್ತಿ ಇಳಿದುಬರುತ್ತಿದ್ದದ್ದು ತಾಯಿಯ ಕಡೆಯಿಂದ. ಆದ್ದರಿಂದ ‘ಅಪ್ಪ ಬದುಕಿರುವಾಗಲೇ ಅಪ್ಪನ ಆಸ್ತಿಯಲ್ಲಿ’ ಎಂದು ಬಿಡಿಸಿ ಹೇಳಬೇಕು. ‘ಎಷ್ಟು ಸಿಕ್ಕಿತು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಧರ್ಮೋಪದೇಶಕಾಂಡ 21:17ರ ಪ್ರಕಾರ ಹಿರಿಯನಿಗೆ ಎರಡು ಪಾಲು, ಹಾಗಾಗಿ ಕಿರಿಯನಿಗೆ ಮೂರರಲ್ಲೊಂದು. ಹಂದಿ ಮೇಯಿಸುವುದು ಯೆಹೂದ್ಯನಿಗೆ ಎಂಥ ಅವಮಾನ ಎಂದು ಅರ್ಧ ವಾಕ್ಯದಲ್ಲಾದರೂ ಹೇಳದಿದ್ದರೆ, ಹಬ್ಬಕ್ಕೆ ಹಂದಿಮಾಂಸ ಮಾಡುವ ಊರಿನಲ್ಲಿ ಆ ಪೆಟ್ಟು ತಟ್ಟುವುದೇ ಇಲ್ಲ.

ಕೊಬ್ಬಿದ ಕರು ಇನ್ನೂ ನಾಜೂಕಿನದು. ‘ಕರು ಕಡಿಸಿದ’ ಎಂದ ಕ್ಷಣ ಕೇಳುವವರ ಮನಸ್ಸು ಅಪ್ಪನನ್ನು ಬಿಟ್ಟು ಕರುವಿನ ಹಿಂದೆ ಹೋಗುತ್ತದೆ. ನಾನು ‘ಊರಿಗೆಲ್ಲ ಊಟ ಹಾಕಿಸಿದ’ ಎನ್ನುತ್ತೇನೆ. ವಚನ ತಿದ್ದಿದ ಹಾಗಾಗಲಿಲ್ಲವೇ ಎಂದರೆ, ಪುಸ್ತಕ ಹಿಡಿದು ಓದುವಾಗ ಒಂದಕ್ಷರವನ್ನೂ ಬಿಡಬಾರದು. ಬಾಯಿಮಾತಿನಲ್ಲಿ ಹೇಳುವಾಗ ಅಷ್ಟು ಸಲುಗೆ ಉಂಟು. ಏನು ಅಡುಗೆ ಎಂದು ನೇರವಾಗಿ ಕೇಳಿದರೆ ಮಾತ್ರ ಕರು ಎಂದೇ ಹೇಳಬೇಕು. ಇನ್ನೊಂದು, ಊಟಕ್ಕೆ ಕತೆ ನಿಲ್ಲಿಸಬೇಡಿ. 25ನೇ ವಚನದಿಂದ ಅಣ್ಣ ಬರುತ್ತಾನೆ, ಅಂಗಳದಲ್ಲೇ ನಿಲ್ಲುತ್ತಾನೆ, ಒಳಗೆ ಬಂದನೋ ಇಲ್ಲವೋ ಲೂಕ ಹೇಳುವುದಿಲ್ಲ. ಮಾತು ಹುಟ್ಟುವುದು ಅಲ್ಲೇ.

ಕತೆಯಾದ ಮೇಲೆ ಪ್ರಶ್ನೆಗಳು. ‘ತಂದೆ, ಮಗ, ಪವಿತ್ರಾತ್ಮ ಅಂದರೆ ಮೂವರು ದೇವರಾ?’ ಭಾನುವಾರ ಶಾಲೆಯಲ್ಲಿ ಕಲಿತ ನೀರು, ಮಂಜುಗಡ್ಡೆ, ಹಬೆಯ ಉದಾಹರಣೆ ತೆಗೆಯಬೇಡಿ. ಒಂದೇ ನೀರು ಒಂದೊಂದು ಸಲ ಒಂದೊಂದು ರೂಪ ತಾಳುತ್ತದೆ. ದೇವರು ಹಾಗೆ ವೇಷ ಬದಲಿಸುತ್ತಾನೆಂಬ ಬೋಧನೆಯನ್ನು ಸಭೆ 3ನೇ ಶತಮಾನದಲ್ಲೇ ತಳ್ಳಿಹಾಕಿತ್ತು. ಕರಟ, ಕಾಯಿ, ಎಳನೀರು ಎಂದರೂ ತಪ್ಪೇ, ದೇವರನ್ನು ಮೂರು ತುಂಡು ಮಾಡಿದಂತೆ. ಮಾರ್ಕ 1:9ರಿಂದ 11 ತೆರೆದು ತೋರಿಸುವುದು ಲೇಸು: ಮಗ ದೀಕ್ಷಾಸ್ನಾನದ ನೀರಿನಿಂದ ಏಳುತ್ತಾನೆ, ಆತ್ಮ ಇಳಿಯುತ್ತದೆ, ತಂದೆಯ ದನಿ ಕೇಳುತ್ತದೆ, ಮೂರೂ ಒಂದೇ ಗಳಿಗೆಯಲ್ಲಿ. ಪೂರ್ತಿ ಅರ್ಥ ಮಾಡಿಸುತ್ತೇನೆ ಎಂದು ಹೊರಡುವುದು ಬೇಡ.

‘ಬೈಬಲ್ ತಿದ್ದಿದ್ದಾರಂತೆ’ ಎಂಬುದಕ್ಕೆ ಸಿಟ್ಟಾಗುವ ಬದಲು ಎರಡು ಜಾಗ ಗೊತ್ತಿರಲಿ. ಮಾರ್ಕ 16:9–20 ಮತ್ತು ಯೋಹಾನ 7:53–8:11, ಎರಡೂ 4ನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ. ನಾವೇ ಮೊದಲು ಹೇಳಿದರೆ ಉಳಿದದ್ದಕ್ಕೆ ಬೆಲೆ ಬರುತ್ತದೆ. ಪುನರುತ್ಥಾನದ ಬಗ್ಗೆ ಕೇಳಿದರೆ 1 ಕೊರಿಂಥ 15:3–8. ಶಿಲುಬೆಯ ಘಟನೆಯಾಗಿ ಸುಮಾರು 25 ವರ್ಷದೊಳಗೆ ಪೌಲ ಬರೆದ ಪತ್ರ, ಎದ್ದುಬಂದ ಯೇಸುವನ್ನು ಕಂಡವರ ಪಟ್ಟಿ ಸಮೇತ.

‘ನಿಮ್ಮದು ವಿದೇಶಿ ಧರ್ಮ’ ಎಂದಾಗ ನಮ್ಮವರು ಶಾಲೆ, ಆಸ್ಪತ್ರೆ, ಹೆಂಚಿನ ಕಾರ್ಖಾನೆ, 1843ರ ಮಂಗಳೂರ ಸಮಾಚಾರ ಪತ್ರಿಕೆ, ಕಿಟ್ಟೆಲ್ ನಿಘಂಟು ಎಂದು ಪಟ್ಟಿ ಒಪ್ಪಿಸುತ್ತಾರೆ. ಎಲ್ಲ ನಿಜ, ಆದರೆ ಅವರು ಲೆಕ್ಕ ಕೇಳಿದ್ದಲ್ಲ.

ಆಸ್ಪತ್ರೆ ವಾರ್ಡಿನಲ್ಲಿ ‘ದೇವರು ಇದ್ದರೆ ಹೀಗೇಕೆ?’ ಎಂದವರಿಗೆ ವಿವರಣೆ ಬೇಡ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಅವನ ಬಳಿ ಏಳು ದಿನ ಸುಮ್ಮನೆ ಕೂತಿದ್ದರು, ಕೆಟ್ಟದ್ದು ಬಾಯಿ ತೆರೆದ ಮೇಲೆ. ಕುಡಿಯಲು ನೀರು ತಂದುಕೊಡಿ, ಕೂತುಕೊಳ್ಳಿ. ಪ್ರಾರ್ಥನೆಯನ್ನು ಕೂಡ ಕೇಳಿಯೇ ಮಾಡಬೇಕು.

ಸಂವಿಧಾನದ 25ನೇ ವಿಧಿ ಧರ್ಮದ ಮಾತು ಹೇಳಲು ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಮತಾಂತರದ ಮೇಲಿನ ಕರ್ನಾಟಕದ 2022ರ ಕಾಯ್ದೆ ಆಮಿಷದ ಪಟ್ಟಿಗೆ ಉಡುಗೊರೆ, ಹಣ, ಉದ್ಯೋಗ, ಉಚಿತ ಶಿಕ್ಷಣ ಎಲ್ಲವನ್ನೂ ಸೇರಿಸಿತು. ಕಾಯ್ದೆ ಹಾಗಿರಲಿ, ನನ್ನಿಂದ ಸಾಲ ಪಡೆದವರ ಮುಂದೆ, ಕೈಕೆಳಗೆ ದುಡಿಯುವವರ ಮುಂದೆ, ತಂದೆತಾಯಿ ಇಲ್ಲದಾಗ ಮಕ್ಕಳ ಮುಂದೆ ಈ ವಿಷಯ ನಾನು ಎತ್ತುವುದಿಲ್ಲ. ಅವರಿಗೆ ಬೇಡ ಎನ್ನುವುದು ಕಷ್ಟ. 1 ಪೇತ್ರ 3:15 ಉತ್ತರಕ್ಕೆ ಸಿದ್ಧರಿರಿ ಎನ್ನುವುದೂ ಕೇಳಿದವರಿಗೆ, ಅದೂ ಸಾತ್ವಿಕವಾಗಿ.

ಓದಬೇಕು ಎಂದು ಕೇಳಿದವರಿಗೆ ಮಾರ್ಕನ ಸುವಾರ್ತೆ ಮಾತ್ರ ಇರುವ ಪುಸ್ತಿಕೆ ಕೊಡುತ್ತೇನೆ: 16 ಅಧ್ಯಾಯ, ಎರಡು ಸಂಜೆಯ ಓದು. ಇಡೀ ಬೈಬಲ್ ಕೊಟ್ಟರೆ ಆದಿಕಾಂಡದಿಂದ ಹುರುಪಿನಲ್ಲಿ ಹೊರಟು ಯಾಜಕಕಾಂಡದ ಬಲಿಗಳ ಹತ್ತಿರ ಮಡಚಿಡುತ್ತಾರೆ.