ಈ ವಾರ ಏನು ಮಾಡುತ್ತೀರಿ?

ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳನ್ನು ದೂರವಿಡುವುದು ಹೇಗೆಂದು ದೊಡ್ಡವರಿಗೆ ಹೇಳಿಕೊಡುವುದು ನನ್ನ ಕೆಲಸ. ಆಸ್ಪತ್ರೆಯೊಳಗಲ್ಲ, ಅವರಿರುವ ಕಡೆಯೇ: ಸಮುದಾಯ ಭವನದಲ್ಲೋ, ಶಾಲೆಯ ಖಾಲಿ ಕೊಠಡಿಯಲ್ಲೋ. ಭಾಷಣ ಕೇಳಿ ಬದಲಾದವರನ್ನು ನಾನು ಕಂಡಿದ್ದು ಬಹಳ ಕಡಿಮೆ. ಉಪ್ಪು ಕಡಿಮೆ ಮಾಡಬೇಕು, ನಡೆಯಬೇಕು, ತಂಬಾಕು ಬಿಡಬೇಕು ಎಂಬುದು ಬಂದವರಲ್ಲಿ ಹೆಚ್ಚಿನವರಿಗೆ ಮೊದಲೇ ಗೊತ್ತಿರುತ್ತದೆ. ನಾಳೆ ಬೆಳಿಗ್ಗೆ ಎಲ್ಲಿಂದ ಶುರು ಮಾಡಬೇಕು ಎಂಬುದಷ್ಟೇ ಗೊತ್ತಿರುವುದಿಲ್ಲ. ನನ್ನ ತರಗತಿಯ ಬಹುಪಾಲು ಸಮಯ ಅದಕ್ಕೇ ಮೀಸಲು.

ವಾರಕ್ಕೊಮ್ಮೆ ಸೇರುತ್ತೇವೆ. ಹತ್ತು ಹನ್ನೆರಡು ಜನರಿಗಿಂತ ದೊಡ್ಡ ಗುಂಪು ಮಾಡುವುದಿಲ್ಲ. ಕುರ್ಚಿಗಳನ್ನು ಸಾಲಾಗಿ ಇಡದೆ ಸುತ್ತಲೂ ಇಡುತ್ತೇನೆ. ಸಾಲಿನಲ್ಲಿ ಕೂತವರು ಕೇಳುತ್ತಾರೆ, ಎದುರುಬದುರು ಕೂತವರು ಮಾತನಾಡುತ್ತಾರೆ.

ಮೊದಲ ದಿನ ರಕ್ತದೊತ್ತಡ ನೋಡುವುದನ್ನೇ ಪಾಠವಾಗಿಸುತ್ತೇನೆ. ಒಮ್ಮೆ ಒಬ್ಬ ಮಹಿಳೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವರೇ ತೋಳು ಚಾಚಿದರು. ಮೇಲಿನ ಸಂಖ್ಯೆ 152 ಬಂತು. ಅವರ ಮುಖ ಕಳೆಗುಂದಿತು. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಪಾದಗಳನ್ನು ನೆಲಕ್ಕೆ ಊರಿಸಿ, ತೋಳನ್ನು ಹೃದಯದ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿ, ಐದು ನಿಮಿಷ ಮಾತನಾಡದೆ ಇರಲು ಹೇಳಿದೆ. ತೋಳಿನ ಬಟ್ಟೆ ಸರಿಸಿ ಮತ್ತೆ ನೋಡಿದಾಗ 136. ಸುತ್ತ ನಿಂತವರೆಲ್ಲ ಅದನ್ನು ಕಣ್ಣಾರೆ ಕಂಡರು. ಒಂದೇ ಸಲದ ಅಳತೆಯನ್ನು ನೆಚ್ಚಿ ಗಾಬರಿಯಾಗುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ ಎಂದು ಆಮೇಲೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಹೆಚ್ಚಿದ್ದರೆ ವೈದ್ಯರ ಬಳಿ ಕಳುಹಿಸುತ್ತೇವೆ. ಮಾತ್ರೆ ನುಂಗುತ್ತಿರುವವರು ನಮ್ಮ ತರಗತಿಯ ಮಾತು ಕೇಳಿ ಅದನ್ನು ನಿಲ್ಲಿಸಬಾರದು ಎಂಬುದನ್ನು ಪ್ರತಿ ವಾರವೂ ಹೇಳುತ್ತೇನೆ.

ಉಪ್ಪಿನ ಪಾಠಕ್ಕೆ ಒಂದು ಪುಟ್ಟ ತಕ್ಕಡಿ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಇರಬೇಕು. ಪೊಟ್ಟಣಗಳ ಮೇಲೆ ಉಪ್ಪಿನ ಬದಲು ಸೋಡಿಯಂ ಎಂದು ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಬೇಕು. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಅಷ್ಟನ್ನು ಅವರ ಕೈಯಿಂದಲೇ ತೂಗಿಸಿ ಬಿಳಿ ಕಾಗದದ ಮೇಲೆ ಸುರಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ನಾನು ನಂಬಿರುವುದು ತರಗತಿಯ ಕೊನೆಯ ಅರ್ಧ ಗಂಟೆಯನ್ನು. ಪ್ರತಿಯೊಬ್ಬರೂ ಮುಂದಿನ ವಾರಕ್ಕೆ ಒಂದು ಯೋಜನೆ ಹೇಳಬೇಕು. ‘ಇನ್ನು ಮೇಲೆ ಹೆಚ್ಚು ನಡೆಯುತ್ತೇನೆ’ ಎಂದರೆ ಒಪ್ಪುವುದಿಲ್ಲ. ಏನು, ಎಷ್ಟು, ಯಾವ ಹೊತ್ತಿಗೆ, ವಾರದಲ್ಲಿ ಎಷ್ಟು ದಿನ ಎಂಬುದೆಲ್ಲ ಬೇಕು. ಆಮೇಲೆ ಇದು ಆಗುತ್ತದೆಂಬ ಭರವಸೆಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುತ್ತೇನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಮತ್ತು ಸಂಗಡಿಗರು ದೀರ್ಘಕಾಲದ ಕಾಯಿಲೆ ಇರುವವರಿಗಾಗಿ ರೂಪಿಸಿದ ಆರು ವಾರಗಳ ತರಬೇತಿಯಿಂದ ನಾನು ಕಲಿತ ಕ್ರಮವಿದು. ಏಳಕ್ಕಿಂತ ಕಡಿಮೆ ಬಂದರೆ ಯೋಜನೆಯನ್ನು ತಿದ್ದಬೇಕು, ಮನುಷ್ಯನನ್ನಲ್ಲ.

ನಿವೃತ್ತರೊಬ್ಬರು ದಿನಾ ಒಂದು ಗಂಟೆ ನಡೆಯುತ್ತೇನೆಂದರು.

‘ಎಷ್ಟು ಅಂಕ ಸರ್?’

‘ನಾಲ್ಕು ಕೊಡಬಹುದು.’

‘ಅಡ್ಡ ಬರುವುದೇನು?’

‘ಮಂಡಿ ನೋವು. ಒಂದು ದಿನ ನಡೆದರೆ ಮರುದಿನ ಏಳುವುದೇ ಕಷ್ಟ.’

ಯೋಜನೆ ಹದಿನೈದು ನಿಮಿಷಕ್ಕೆ, ವಾರಕ್ಕೆ ನಾಲ್ಕು ದಿನಕ್ಕೆ ಇಳಿಯಿತು. ಅಂಕ ಎಂಟಕ್ಕೇರಿತು. ಮುಂದಿನ ವಾರ ಬಂದು, ಎರಡು ದಿನ ಮಳೆಯಿಂದ ತಪ್ಪಿತು ಎಂದರು. ನಾನು ಬಾಯಿ ತೆರೆಯುವ ಮುನ್ನವೇ ಪಕ್ಕದವರು, ‘ಮನೆಯೊಳಗೇ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯಿರಿ, ನಾನು ಹಾಗೇ ಮಾಡುವುದು’ ಎಂದರು. ಅಂಥ ಮಾತು ನನ್ನಿಂದ ಬಂದರೆ ಉಪದೇಶವಾಗುತ್ತದೆ. ಅದೇ ತೊಂದರೆ ಉಂಡವರಿಂದ ಬಂದರೆ ಮನಸ್ಸಿಗೆ ಇಳಿಯುತ್ತದೆ. ಆದ್ದರಿಂದ ಪ್ರಶ್ನೆ ಬಂದ ಕೂಡಲೇ ಉತ್ತರಿಸದೆ, ಮೊದಲು ಗುಂಪಿನ ಕಡೆ ನೋಡುತ್ತೇನೆ.

‘ಈ ವಯಸ್ಸಿನಲ್ಲಿ ಇನ್ನೇನು ಪ್ರಯೋಜನ?’ ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಆಗ ಅಮೆರಿಕದ ಮಧುಮೇಹ ತಡೆ ಅಧ್ಯಯನವನ್ನು ನೆನಪಿಸುತ್ತೇನೆ. ಅದರ ಫಲಿತಾಂಶ ಪ್ರಕಟವಾದದ್ದು 2002ರಲ್ಲಿ. ಮಧುಮೇಹದ ಅಂಚಿನಲ್ಲಿದ್ದವರು ದೇಹದ ತೂಕದಲ್ಲಿ ಶೇ 7ರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ದೇಹ ದಂಡಿಸುವ ಗುರಿಯಿಟ್ಟುಕೊಂಡಾಗ ಕಾಯಿಲೆಗೆ ತುತ್ತಾಗುವ ಪ್ರಮಾಣ ಶೇ 58ರಷ್ಟು ತಗ್ಗಿತು. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ 31. ಅರವತ್ತು ದಾಟಿದವರಲ್ಲಿ ಜೀವನಕ್ರಮದ ಬದಲಾವಣೆಯ ಫಲ ಇನ್ನೂ ಹೆಚ್ಚು, ಶೇ 71. ಆದರೆ ಅಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ 16 ಪಾಠಗಳು ನಡೆದಿದ್ದವು. ನಮ್ಮದು ಗುಂಪು. ಅಷ್ಟೇ ಫಲ ನಿಮಗೂ ಸಿಗುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ.

ತರಗತಿಗೆ ಬಾರದವರಿಗೆ ಅಂದೇ ಸಂಜೆ ಫೋನ್ ಮಾಡುತ್ತೇನೆ. ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ, ಹೇಗಿದ್ದೀರಿ ಎಂದು ಕೇಳುತ್ತೇನೆ. ಯೋಜನೆಯಂತೆ ನಡೆಯಲಾಗದ ಸಂಕೋಚಕ್ಕೇ ಉಳಿದುಬಿಡುವವರು ಹೆಚ್ಚು. ಅವರಿಗೆ ಒಂದು ವಾರದ ನಂತರ ಫೋನ್ ಮಾಡಿದರೆ ತಡವಾಗಿರುತ್ತದೆ.

ಕೊನೆಯ ತರಗತಿಯಲ್ಲಿ ಮೂರು ತಿಂಗಳ ಮುಂದಿನ ಒಂದು ತಾರೀಖನ್ನು ಎಲ್ಲರ ಪುಸ್ತಕದಲ್ಲೂ ಬರೆಸುತ್ತೇನೆ. ಅಂದು ನೋಡುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ. ಅದಕ್ಕಿಂತ ಮೊದಲೇ ನೋಡಿದರೆ, ಪಟ್ಟ ಶ್ರಮ ಅದರಲ್ಲಿ ಪೂರ್ತಿಯಾಗಿ ಕಾಣದೆ ಜನ ನಿರಾಶರಾಗುತ್ತಾರೆ. ಆ ದಿನ ಮತ್ತೆ ಸೇರುತ್ತೇವೆ, ತೋಳಿಗೆ ಪಟ್ಟಿ ಕಟ್ಟುವ ಮೊದಲು ಐದು ನಿಮಿಷ ಸುಮ್ಮನಿರಬೇಕೆಂದು ಅವರೇ ಒಬ್ಬರಿಗೊಬ್ಬರು ಹೇಳುತ್ತಾರೆ. ಮುಂದಿನ ಗುಂಪು ನಡೆಸಲು ನನ್ನ ಜೊತೆ ಯಾರು ಬರುತ್ತೀರಿ ಎಂದು ನಾನು ಕೇಳುವುದೂ ಅಂದೇ.