ವಿಭಾಗದ ಐದು ವರ್ಷದ ಯೋಜನೆ: ನಿವೃತ್ತಿ ಪಟ್ಟಿಯಿಂದ ಶುರು

ರಾಜ್ಯ ವಿಶ್ವವಿದ್ಯಾಲಯದ ಒಂದು ವಿಜ್ಞಾನ ವಿಭಾಗಕ್ಕೆ ಐದು ವರ್ಷದ ಯೋಜನೆ, ಆಮೇಲೆ ಪರೀಕ್ಷಾ ಶಾಖೆಯ ಒಂದು ಭಾಗಕ್ಕೆ ಅಂಥದ್ದೇ ಇನ್ನೊಂದು, ಎರಡನ್ನೂ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ವಿಶ್ವವಿದ್ಯಾಲಯದ ಆಂತರಿಕ ಗುಣಮಟ್ಟ ಭರವಸೆ ಕೋಶ (ಐಕ್ಯೂಎಸಿ) ಕಳಿಸುವ ನಮೂನೆಯಲ್ಲಿ ಮೊದಲು ದೂರದೃಷ್ಟಿ, ಆಮೇಲೆ ಧ್ಯೇಯ, ಆಮೇಲೆ ಶಕ್ತಿ-ದೌರ್ಬಲ್ಯ. ಅದನ್ನು ನಾವು ತಲೆಕೆಳಗು ಮಾಡಿಕೊಂಡೆವು. ದೂರದೃಷ್ಟಿಯ ಪುಟಕ್ಕೆ ಕೊನೆಯಲ್ಲಿ ಅರ್ಧ ಗಂಟೆ ಕೊಟ್ಟರೆ ಸಾಕು. ಮೊದಲ ದಿನ ಮೇಜಿನ ಮೇಲೆ ಇರಬೇಕಾದ್ದು ಸೇವಾ ಪುಸ್ತಕ ನೋಡಿ ಬರೆದ ನಿವೃತ್ತಿ ದಿನಾಂಕಗಳ ಪಟ್ಟಿ ಮತ್ತು ವೇಳಾಪಟ್ಟಿ.

ಲೆಕ್ಕ ಹೀಗೆ. ಕಾಯಂ ಅಧ್ಯಾಪಕರು ನಾಲ್ವರು: ಒಬ್ಬರು ಪ್ರಾಧ್ಯಾಪಕರು, ಒಬ್ಬರು ಸಹ ಪ್ರಾಧ್ಯಾಪಕರು, ಇಬ್ಬರು ಸಹಾಯಕ ಪ್ರಾಧ್ಯಾಪಕರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ವಾರಕ್ಕೆ ನೇರ ಬೋಧನೆ ಮೊದಲಿಬ್ಬರಿಗೆ 14 ಗಂಟೆ, ಸಹಾಯಕ ಪ್ರಾಧ್ಯಾಪಕರಿಗೆ 16. ಒಟ್ಟು 60. ಇನ್ನು ವೇಳಾಪಟ್ಟಿ ನೋಡಿ. ಬೆಸ ಸೆಮಿಸ್ಟರಿನಲ್ಲಿ ಒಂದನೆಯ ಮತ್ತು ಮೂರನೆಯ ಸೆಮಿಸ್ಟರಿನ ತರಗತಿಗಳು ಒಟ್ಟಿಗೆ ನಡೆಯುತ್ತವೆ. ತಲಾ ನಾಲ್ಕು ಥಿಯರಿ ಪತ್ರಿಕೆ, ಪತ್ರಿಕೆಗೆ ನಾಲ್ಕು ಗಂಟೆ ಅಂದರೆ 32. ಪ್ರಾಯೋಗಿಕ ತರಗತಿಯಲ್ಲಿ ಬ್ಯಾಚ್ ಎರಡೆರಡು, ಬ್ಯಾಚಿಗೆ 16 ಗಂಟೆ, ಒಟ್ಟು 64. ಎರಡೂ ಸೇರಿ 96. ಇರುವುದು 60, ಉಳಿದ 36 ಗಂಟೆ ಅತಿಥಿ ಉಪನ್ಯಾಸಕರ ಮೇಲೆ ನಿಂತಿದೆ. ಒಂದು ಬ್ಯಾಚಿಗೆ ಇಬ್ಬರು ನಿಲ್ಲಬೇಕಾದ ಲ್ಯಾಬ್ ಇದ್ದರೆ ಇದು ಇನ್ನೂ ಏರುತ್ತದೆ. ಎರಡನೇ ವರ್ಷ ಪ್ರಾಧ್ಯಾಪಕರು ನಿವೃತ್ತರಾದರೆ 60 ಹೋಗಿ 46, ಕೊರತೆ 50. ಈ ಒಂದು ಪುಟ ಮುಂದಿಟ್ಟ ಮೇಲೆ ‘ಹೊಸ ಸ್ನಾತಕೋತ್ತರ ಕೋರ್ಸ್ ಆರಂಭಿಸಲಾಗುವುದು’ ಎಂಬ ಸಾಲು ಯಾರೂ ಹೇಳದೆಯೇ ಬಿದ್ದುಹೋಗುತ್ತದೆ.

ಪಿಎಚ್‌ಡಿ ಸೀಟುಗಳ ಲೆಕ್ಕದಲ್ಲಿ ಎಡವುವುದು ಇನ್ನೂ ಸುಲಭ. ಯುಜಿಸಿಯ 2022ರ ನಿಯಮದಲ್ಲಿ ಒಬ್ಬರು ಒಮ್ಮೆಗೆ ಮಾರ್ಗದರ್ಶನ ಮಾಡಬಹುದಾದ ಅಭ್ಯರ್ಥಿಗಳ ಮಿತಿ ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕರಿಗೆ 4. ನಮ್ಮ ನಾಲ್ವರಿಗೆ 22 ಎಂದು ಬರೆದುಬಿಡುವುದು ವಾಡಿಕೆ. ಆದರೆ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸ ಅಭ್ಯರ್ಥಿಯನ್ನು ತೆಗೆದುಕೊಳ್ಳುವ ಹಾಗಿಲ್ಲ. ಪ್ರಾಧ್ಯಾಪಕರ ಬಳಿ ಈಗ ಐವರಿದ್ದಾರೆ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಖಾಲಿ ಕಾಣುವ ಮೂರು ಸೀಟು ನಿಜಕ್ಕೂ ಇಲ್ಲ.

ವಿಭಾಗೀಯ ಮಂಡಳಿ ಸಭೆಯಲ್ಲಿ ಗುರಿಗಳಿಗೇನೂ ಬರವಿರುವುದಿಲ್ಲ. ಪ್ರತಿಯೊಂದಕ್ಕೂ ನಾವು ಮೂರು ಪ್ರಶ್ನೆ ಹಾಕಿದೆವು: ಇದಕ್ಕೆ ಕೊನೆಯ ಸಹಿ ಯಾರದ್ದು? ಹಣ ಯಾವ ಲೆಕ್ಕ ಶೀರ್ಷಿಕೆಯಿಂದ? ಆಯಿತೋ ಇಲ್ಲವೋ ಎಂಬುದು ಯಾವ ರಿಜಿಸ್ಟರಿನಲ್ಲಿ ಕಾಣುತ್ತದೆ? ಖಾಲಿ ಹುದ್ದೆ ಭರ್ತಿ ಮೊದಲ ಪ್ರಶ್ನೆಯಲ್ಲೇ ನಿಂತಿತು. ಅದಕ್ಕೆ ಸರ್ಕಾರದ ಅನುಮತಿ ಬೇಕು, ರೋಸ್ಟರ್ (ಮೀಸಲಾತಿಯ ಸರದಿ ಪಟ್ಟಿ) ಆಗಬೇಕು. ಆದ್ದರಿಂದ ಅದು ಗುರಿಯಲ್ಲ, ಬೇಡಿಕೆ. ಬೇಡಿಕೆಗಳಿಗೆಂದೇ ಬೇರೆ ಪುಟ ಮಾಡಿ, 96 ಗಂಟೆಯ ಲೆಕ್ಕವನ್ನು ಅದಕ್ಕೆ ಲಗತ್ತಿಸಿದೆವು. ಗುರಿ ಅಂತ ಉಳಿದದ್ದು ಐದು. ನನ್ನ ಕೇಳಿದರೆ ಅದೂ ಒಂದು ಹೆಚ್ಚೇ.

ಉಪಕರಣದ ಗುರಿಯಲ್ಲಿ ಮೋಸ ಹೋಗುವುದು ದರಪಟ್ಟಿಯಿಂದ. ಗ್ಯಾಸ್ ಕ್ರೊಮ್ಯಾಟೋಗ್ರಾಫ್ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಬೇಕು ಎಂದಾಗ ಯಂತ್ರದ ಬೆಲೆ ಮಾತ್ರ ಬರೆದರೆ ಅದು ಪ್ಯಾಕಿಂಗ್ ಪೆಟ್ಟಿಗೆಯಲ್ಲೇ ವರ್ಷ ಕಳೆಯುತ್ತದೆ. ಅದೇ ಸಾಲಿನ ಕೆಳಗೆ ಬರೆಯಬೇಕಾದ್ದು: ಯುಪಿಎಸ್, ಎಸಿ, ಸಿಲಿಂಡರ್ ಇಡುವ ಜಾಗ ಮತ್ತು ಅಲ್ಲಿಂದ ಕೊಳವೆ, ಗ್ಯಾಸ್ ಮರುಭರ್ತಿ, ಬದಲಿ ಕಾಲಮ್, ವಾರಂಟಿ ಮುಗಿದ ಮೇಲಿನ ವಾರ್ಷಿಕ ನಿರ್ವಹಣಾ ಒಪ್ಪಂದ (ಎಎಂಸಿ). ವೈರಿಂಗ್ ಎಂಜಿನಿಯರಿಂಗ್ ಶಾಖೆಯ ಕೆಲಸ, ಅದರ ಕಡತವೇ ಬೇರೆ, ಓಡುವ ವೇಗವೂ ಬೇರೆ. ಎರಡನ್ನೂ ಒಂದೇ ದಿನ ಶುರು ಮಾಡಬೇಕು. ದಿನಾಂಕಗಳನ್ನು ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿ: ಬಿಲ್ಲು ಪಾಸು, ಅಳವಡಿಕೆ, ಸರಬರಾಜು, ಟೆಂಡರ್, ತಾಂತ್ರಿಕ ಸಮಿತಿ. ಹೀಗೆ ಹಿಂದೆ ಬಂದರೆ ಬೇಡಿಕೆ ಪತ್ರದ ಕಡತ ಜೂನ್‌ನಲ್ಲೇ ಹೊರಡಬೇಕು ಎಂದು ಗೊತ್ತಾಗುತ್ತದೆ. ಅದಕ್ಕೂ ಮೊದಲು, ಹಿಂದಿನ ವರ್ಷ ಹಣಕಾಸು ಶಾಖೆ ಆಯವ್ಯಯ ಅಂದಾಜು ಕೇಳಿ ಸುತ್ತೋಲೆ ಕಳಿಸಿದಾಗಲೇ ಈ ಮೊತ್ತ ಅದರಲ್ಲಿ ಸೇರಿರಬೇಕು. ಅಲ್ಲಿ ಸೇರದ ಗುರಿ, ಯೋಜನೆಯ ಪುಸ್ತಕದಲ್ಲಿ ಎಷ್ಟು ಚಂದ ಅಚ್ಚಾಗಿದ್ದರೂ ಆ ವರ್ಷದ ಮಟ್ಟಿಗೆ ಮುಗಿದ ಕತೆ.

ಪರೀಕ್ಷಾ ಶಾಖೆಯಲ್ಲಿ ಹಿಡಿದ ದಾರಿ ಬೇರೆ. ‘ಅಂಕಪಟ್ಟಿ ತಿದ್ದುಪಡಿ ತ್ವರಿತಗೊಳಿಸುವುದು’ ಎಂದು ಬರೆಯುವ ಮೊದಲು ಮುಗಿದ 30 ಕಡತ ತೆಗೆದು ಒಂದೊಂದಕ್ಕೂ ಒಂದು ಸಾಲು ಬರೆದೆವು: ಟಪಾಲಿನಲ್ಲಿ ಆವಕವಾದ ದಿನ, ವಿಷಯ ನಿರ್ವಾಹಕರ ಟಿಪ್ಪಣಿ ದಿನ, ಅಧೀಕ್ಷಕರ ಸಹಿ, ಸಹಾಯಕ ಕುಲಸಚಿವರ ಸಹಿ, ಕುಲಸಚಿವರ (ಮೌಲ್ಯಮಾಪನ) ಆದೇಶ, ಅಂಕಪಟ್ಟಿ ಕೈಗೆ ಸಿಕ್ಕ ದಿನ. ಟಿಪ್ಪಣಿ ಹಾಳೆಯಲ್ಲಿ ಪ್ರತಿ ಸಹಿಯ ಕೆಳಗೆ ದಿನಾಂಕ ಇರುವುದರಿಂದ ಇದಕ್ಕೆ ಯಾರನ್ನೂ ಕೇಳಬೇಕಿಲ್ಲ, ಯಾರೂ ಮುಖ ಸಿಂಡರಿಸುವುದಿಲ್ಲ. ದಿನಗಳು ಕರಗಿದ್ದು ಮೇಜುಗಳ ಮೇಲಲ್ಲ, ಮೇಜು ಮೇಜಿನ ನಡುವೆ. ಚಲನ್ ತಾಳೆ ನೋಡಲು ಹಣಕಾಸು ಶಾಖೆಗೆ ಹೋಗಿ ಬರುವ ಹೊತ್ತು ಒಂದು, ಕಾಲೇಜಿನಿಂದ ಮೂಲ ದಾಖಲೆ ಬರುವ ತನಕ ಕಾಯುವುದು ಇನ್ನೊಂದು. ಇಬ್ಬರು ಸಿಬ್ಬಂದಿ ಹೆಚ್ಚಿಗೆ ಕೊಡಿ ಎಂಬ ಬೇಡಿಕೆ ಅಲ್ಲಿಗೆ ಬಿಟ್ಟೆವು. ಅದರ ಬದಲು ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲೇ ಚಲನ್ ಪರಿಶೀಲಿಸುವುದು, ದಾಖಲೆ ಅಪೂರ್ಣವಿದ್ದರೆ ಅಲ್ಲೇ ವಾಪಸು ಕೊಡುವುದು ಎಂಬ ಎರಡು ಬದಲಾವಣೆ ಬರೆದೆವು. ಅಳತೆಗೋಲು ಅದೇ 30 ಕಡತದ ಪಟ್ಟಿ, ಆರು ತಿಂಗಳಿಗೊಮ್ಮೆ. ಸರಾಸರಿ ಹಾಕಬೇಡಿ. ತೀರಾ ತಡವಾದ ಐದನ್ನು ಬೇರೆ ಇಟ್ಟು ನೋಡಿ, ಕಾರಣ ಸಿಗುವುದು ಅಲ್ಲಿ.

ಯೋಜನೆ ನೀತಿ ಬದಲಾವಣೆಗೂ ಮೈಯೊಡ್ಡಬೇಕು. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ನಾಲ್ಕು ವರ್ಷದ ಆನರ್ಸ್ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಆನರ್ಸ್ ಮುಗಿಸಿ ಬರುವವರಿಗೆ ಒಂದು ವರ್ಷದ ಸ್ನಾತಕೋತ್ತರ ಎಂದು ನಂಬಿ ಬರೆದ ಸೀಟು, ಪಠ್ಯಕ್ರಮ ಎಲ್ಲ ಅಲುಗಾಡಿತು. ಹೊಸ ಪತ್ರಿಕೆ ಅಧ್ಯಯನ ಮಂಡಳಿ, ನಿಕಾಯ (ಫ್ಯಾಕಲ್ಟಿ), ವಿದ್ಯಾವಿಷಯಕ ಪರಿಷತ್ತು ದಾಟಿ ತರಗತಿಗೆ ಬರಲು ಒಂದು ಶೈಕ್ಷಣಿಕ ವರ್ಷವೇ ಹಿಡಿಯುವುದರಿಂದ ಮಧ್ಯದಲ್ಲಿ ತಿರುಗಿಸುವುದು ಕಷ್ಟ. ಹಾಗಾಗಿ ಪ್ರತಿ ಗುರಿಯ ಪಕ್ಕ ‘ಇದು ಯಾವುದನ್ನು ನಂಬಿದೆ’ ಎಂಬ ಕಲಂ ಸೇರಿಸಿದೆವು. ಆದೇಶ ಬದಲಾದ ದಿನ ಯಾವ ಸಾಲು ಹೊಡೆದುಹಾಕಬೇಕು ಎಂದು ಹುಡುಕಾಡಬೇಕಾಗಲಿಲ್ಲ.

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ನ್ಯಾಕ್‌ನ ಆರನೇ ಮಾನದಂಡದಲ್ಲಿ ಕೇಳುತ್ತಿದ್ದುದು ಯೋಜನೆ ಜಾರಿಗೆ ಬಂತೇ ಎಂಬುದನ್ನು. ಅದಕ್ಕೆ ನಡಾವಳಿ, ಆದೇಶ, ಖರ್ಚಿನ ವಿವರ ಬೇಕು. ಇವನ್ನು ಭೇಟಿಗೆ ಎರಡು ತಿಂಗಳಿದ್ದಾಗ ಕೂಡಿಹಾಕಲು ಕೂತರೆ ಅರ್ಧ ಸಿಗುವುದಿಲ್ಲ, ಸಿಕ್ಕಿದ್ದರ ದಿನಾಂಕ ಹೊಂದುವುದಿಲ್ಲ. ಗುರಿಗೊಂದರಂತೆ ಐದು ಬಾಕ್ಸ್ ಫೈಲು ಇಟ್ಟು, ಕಾಗದ ಬಂದ ದಿನವೇ ಪ್ರತಿ ತೆಗೆದು ಹಾಕುವುದು ಸಾಕು.

ವಿಭಾಗದ ಅಧ್ಯಕ್ಷಗಿರಿ ಸರದಿಯಲ್ಲಿ ಬದಲಾಗುತ್ತದೆ, ಐದು ವರ್ಷದ ಯೋಜನೆ ಮೂವರ ಕೈ ದಾಟಬಹುದು. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿ, ದಾಸ್ತಾನು ಪುಸ್ತಕ, ಮೊಹರು ಇರುತ್ತವೆ. ಯೋಜನೆ ಇರುವುದಿಲ್ಲ. ಆ ಪಟ್ಟಿಯಲ್ಲಿ ಅದಕ್ಕೊಂದು ಕ್ರಮಸಂಖ್ಯೆ ಕೊಟ್ಟು, ಐದು ಬಾಕ್ಸ್ ಫೈಲು ಮತ್ತು ಮುಂದಿನ ಮೂರು ತಿಂಗಳಲ್ಲಿ ಹೊರಡಬೇಕಾದ ಕಡತಗಳ ಒಂದು ಹಾಳೆ ಲಗತ್ತಿಸಿ, ಇಬ್ಬರದ್ದೂ ಸಹಿ ಹಾಕಿಸಿಕೊಂಡೆವು.